56ನೇ ವಯಸ್ಸಿನಲ್ಲಿ ಬಗ್ಗುವುದನ್ನು ಕಲಿತೆ

ಬಿದ್ದದ್ದು ನಿಂತ ಎತ್ತರದಿಂದ, ಅಷ್ಟೇ. ಕಾಲು ಜಾರಿತು, ಅಂಗೈ ಊರಿದೆ, ಮಣಿಕಟ್ಟು ಮುರಿಯಿತು. ಪ್ಲಾಸ್ಟರ್ ಹಾಕಿದ ವೈದ್ಯರು ಎಕ್ಸ್-ರೇ ನೋಡುತ್ತಲೇ, "ಇಷ್ಟಕ್ಕೆಲ್ಲ ಮುರಿಯಬಾರದು, ಒಂದು ಡೆಕ್ಸಾ ಸ್ಕ್ಯಾನ್ ಮಾಡಿಸಿಬಿಡಿ" ಎಂದರು. ಮೂಳೆಯ ಸಾಂದ್ರತೆ ಅಳೆಯುವ ಪರೀಕ್ಷೆ ಅದು. ಆಗ ನನಗೆ 56, ಮುಟ್ಟು ನಿಂತು 6 ವರ್ಷ. ವರದಿಯಲ್ಲಿ ಬೆನ್ನುಮೂಳೆಯ ಟಿ-ಸ್ಕೋರ್ ಮೈನಸ್ 2.8, ಸೊಂಟದ್ದು ಮೈನಸ್ 2.1. ಆರೋಗ್ಯವಂತ ಯುವ ವಯಸ್ಕರ ಮೂಳೆಗೆ ಹೋಲಿಸಿ ಕೊಡುವ ಅಂಕ ಈ ಟಿ-ಸ್ಕೋರ್. ಮೈನಸ್ 1ರವರೆಗೆ ಸಹಜ; ಮೈನಸ್ 2.5 ಮುಟ್ಟಿದರೆ ಅಥವಾ ಅದಕ್ಕೂ ಕೆಳಗಿಳಿದರೆ ಆಸ್ಟಿಯೋಪೊರೋಸಿಸ್. ಬೆನ್ನು ಗೆರೆ ದಾಟಿಯಾಗಿತ್ತು, ಸೊಂಟ ಇನ್ನೂ ಈಚೆ ದಡದಲ್ಲಿತ್ತು.

ಕೇಳಿದವರೆಲ್ಲ "ಓ, ಮೂಳೆ ಸವೆತವಾ? ನನಗೂ ಮಂಡಿ ನೋವಿದೆ" ಅನ್ನುತ್ತಿದ್ದರು. ನಾವು ಎರಡಕ್ಕೂ ಒಂದೇ ಹೆಸರು ಇಟ್ಟುಕೊಂಡಿದ್ದೇವೆ, ಅದೇ ತೊಂದರೆ. ಮಂಡಿಯಲ್ಲಿ ಸವೆಯುವುದು ಮೂಳೆಯ ತುದಿಗಿರುವ ಮೃದ್ವಸ್ಥಿ, ಅದು ನೋಯುತ್ತದೆ. ನನ್ನದು ಮೂಳೆಯ ಒಳಗಿನ ಜಾಲರಿಯೇ ತೆಳ್ಳಗಾಗುವ ಕಾಯಿಲೆ. ಮುರಿಯುವ ತನಕ ಇದು ಉಸಿರೆತ್ತುವುದಿಲ್ಲ.

ಮೊದಲ ಮೂರು ತಿಂಗಳು ನಾನು ಮಾಡಿದ್ದು ಶುದ್ಧ ತಪ್ಪು. ಏನನ್ನೂ ಎತ್ತಲಿಲ್ಲ, ಮೆಟ್ಟಿಲು ಹತ್ತಲಿಲ್ಲ, ಕೂತಲ್ಲಿಂದ ಏಳಲೂ ಯಾರದ್ದಾದರೂ ಕೈ ಹುಡುಕುತ್ತಿದ್ದೆ. ಮಣಿಕಟ್ಟಿನ ವ್ಯಾಯಾಮಕ್ಕೆಂದು ನಾನು ಹೋಗುತ್ತಿದ್ದ ಫಿಸಿಯೋಥೆರಪಿಸ್ಟ್ ಇದನ್ನು ಗಮನಿಸಿದರು. "ಮೇಡಂ, ಬಾಹ್ಯಾಕಾಶಕ್ಕೆ ಹೋದವರಿಗೆ ಸೊಂಟದ ಮೂಳೆ ತಿಂಗಳಿಗೆ ಶೇ 1ರಿಂದ 1.5ರಷ್ಟು ಕರಗುತ್ತೆ. ಅಲ್ಲಿ ಭಾರವೇ ಇಲ್ಲವಲ್ಲ. ನೀವು ಮನೇಲೇ ಕೂತು ಅದನ್ನ ಮಾಡ್ತಿದ್ದೀರಿ" ಎಂದರು. ಆ ಮಾತು ನಾಟಿತು.

ಮೂಳೆ ಕಲ್ಲಿನ ಹಾಗೆ ಸುಮ್ಮನೆ ಬಿದ್ದಿರುವ ವಸ್ತುವಲ್ಲ. ಒಂದು ಜಾತಿಯ ಕೋಶಗಳು ಹಳೆಯದನ್ನು ಕೆಡವುತ್ತಿರುತ್ತವೆ, ಇನ್ನೊಂದು ಜಾತಿಯವು ಹೊಸದನ್ನು ಕಟ್ಟುತ್ತಿರುತ್ತವೆ. ಮುಟ್ಟು ನಿಂತ ಮೇಲೆ ಈಸ್ಟ್ರೋಜನ್ ಇಳಿದು ಕೆಡವುವವರ ಕೈ ಮೇಲಾಗುತ್ತದೆ. ಎಲ್ಲಿ ಭಾರ ಬೀಳುತ್ತದೋ ಅಲ್ಲಿ ಮೂಳೆ ಗಟ್ಟಿಯಾಗುತ್ತದೆಂದು ಜರ್ಮನಿಯ ಶಸ್ತ್ರವೈದ್ಯ ಜೂಲಿಯಸ್ ವೋಲ್ಫ್ 1892ರಲ್ಲೇ ಬರೆದಿದ್ದ. ಟೆನಿಸ್ ಆಡುವವರ ಆಡುವ ತೋಳಿನ ಮೂಳೆ ಇನ್ನೊಂದಕ್ಕಿಂತ ದಪ್ಪಗಿರುವುದು ಇದರಿಂದಲೇ.

ಹಾಗಂತ ಫಿಸಿಯೋಥೆರಪಿಸ್ಟ್ ಮೊದಲ ದಿನವೇ ಕೈಗೆ ಡಂಬೆಲ್ ಕೊಡಲಿಲ್ಲ. ನೆಲಕ್ಕೆ ಒಂದು ಪೆನ್ ಬೀಳಿಸಿ "ಎತ್ತಿಕೊಡಿ" ಎಂದರು. ಎಲ್ಲರೂ ಎತ್ತುವ ಹಾಗೆ ಬೆನ್ನು ಗೂನು ಮಾಡಿ ಎತ್ತಿದೆ. "ಇದೊಂದನ್ನ ಮೊದಲು ಬಿಡಿಸಬೇಕು" ಎಂದರು. ಬೆನ್ನು ಹಾಗೆ ಬಾಗಿದಾಗ ಪ್ರತಿ ಕಶೇರುವಿನ (ಬೆನ್ನುಮೂಳೆಯ ಒಂದೊಂದು ಮಣಿ) ಮುಂಭಾಗದ ಮೇಲೆ ಒತ್ತಡ ಬಂದು ಕೂರುತ್ತದೆ. ಟೊಳ್ಳಾದ ಕಶೇರು ಮುಂದೆ ಕುಸಿದು ಬೆಣೆಯ ಆಕಾರಕ್ಕೆ ಬರುತ್ತದೆ. ವಯಸ್ಸಾದವರು ಗಿಡ್ಡಗಾಗಿ ಗೂನಾಗುವುದಕ್ಕೆ ಇದೊಂದು ದೊಡ್ಡ ಕಾರಣ. 1984ರಲ್ಲಿ ಸಿನಾಕಿ ಮತ್ತು ಮಿಕೆಲ್ಸನ್ ಎಂಬಿಬ್ಬರು ಪ್ರಕಟಿಸಿದ ಅಧ್ಯಯನದಲ್ಲಿ, ಮುಂದಕ್ಕೆ ಬಾಗುವ ವ್ಯಾಯಾಮ ಮಾಡಿದವರಲ್ಲಿ ಶೇ 89 ಮಂದಿಗೆ ಬೆನ್ನುಮೂಳೆ ಹೊಸದಾಗಿ ಕುಸಿದಿತ್ತು. ಬೆನ್ನನ್ನು ಹಿಂದಕ್ಕೆ ಚಾಚುವ ವ್ಯಾಯಾಮ ಮಾಡಿದವರಲ್ಲಿ ಶೇ 16. ಒಟ್ಟು ಇದ್ದದ್ದು 59 ಮಹಿಳೆಯರು ಮಾತ್ರ, ಚಿಕ್ಕ ಅಧ್ಯಯನ. ಆದರೂ ಆ ಎರಡು ಅಂಕಿ ನೋಡಿದ ಮೇಲೆ ಪಶ್ಚಿಮೋತ್ತಾನಾಸನ, ಹಲಾಸನ ಎರಡನ್ನೂ ನಾನು ಕೈಬಿಟ್ಟೆ.

ಬಗ್ಗುವುದನ್ನು ಕಲಿಸಿದ್ದು ಒಂದು ಕೋಲು. ಅದನ್ನು ಬೆನ್ನಿಗುದ್ದಕ್ಕೆ ಹಿಡಿಯಬೇಕು, ಒಂದು ಕೈ ಕತ್ತಿನ ಹಿಂದೆ, ಇನ್ನೊಂದು ಸೊಂಟದ ಹಿಂದೆ. ಕೋಲು ಮೂರು ಕಡೆ ತಾಗಿರಬೇಕು: ತಲೆಯ ಹಿಂಭಾಗ, ಎರಡು ಹೆಗಲ ನಡುವೆ, ಬಾಲಮೂಳೆ. ಮಂಡಿ ಸ್ವಲ್ಪ ಸಡಿಲಿಸಿ, ಕುಂಡಿಯನ್ನು ಹಿಂದಕ್ಕೆ ತಳ್ಳುತ್ತ, ತೊಡೆಸಂದಿನಲ್ಲಿ ಮಾತ್ರ ಮಡಚಬೇಕು. ಕೈಯಲ್ಲಿ ಸಾಮಾನಿರುವಾಗ ಬಾಗಿಲನ್ನು ಹಿಂಬದಿಯಿಂದ ನೂಕಿ ಮುಚ್ಚುತ್ತೇವಲ್ಲ, ಹಾಗೆ. ಮೊದಲ ವಾರವೆಲ್ಲ ಅರ್ಧ ಬಗ್ಗುವಷ್ಟರಲ್ಲಿ ಕೋಲು ಬಾಲಮೂಳೆ ಬಿಟ್ಟುಬಿಡುತ್ತಿತ್ತು. ಮೂರನೇ ವಾರಕ್ಕೆ ತೊಡೆಯ ಹಿಂಭಾಗ ಬಿಗಿಯುವುದು ಗೊತ್ತಾಯಿತು. ಗೊತ್ತಾದ ದಿನ ಪೆನ್ ತಾನಾಗಿ ಕೈಗೆ ಬಂತು. ಹಾಸಿಗೆಯಿಂದ ಏಳುವುದೂ ಬದಲಾಯಿತು: ನೇರ ಎದ್ದು ಕೂರುವಂತಿಲ್ಲ, ಮರದ ದಿಮ್ಮಿಯಂತೆ ಇಡೀ ಮೈ ಪಕ್ಕಕ್ಕೆ ಹೊರಳಿಸಿ, ಕಾಲು ಕೆಳಗಿಳಿಸಿ, ಕೈ ಊರಿ ಏಳಬೇಕು. ಸೀನುವಾಗಲೂ ಒಂದು ಕೈ ತೊಡೆಯ ಮೇಲೆ ಊರುತ್ತೇನೆ. ನೋಡಿದವರು ನಗುತ್ತಾರೆ, ನಗಲಿ.

ಆಮೇಲೆ ಬಂತು ಭಾರ. ವಾರಕ್ಕೆ ಎರಡು ದಿನ: ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು, ಗೋಡೆಗೆ ಪುಷ್-ಅಪ್, ಮೆಟ್ಟಿಲು ಹತ್ತಿ ಇಳಿಯುವುದು, ಬೋರಲು ಮಲಗಿ ಎದೆಯನ್ನು ನಾಲ್ಕು ಬೆರಳಷ್ಟು ಎತ್ತುವುದು, ನೆಲದಿಂದ ಭಾರ ಎತ್ತುವ ಡೆಡ್‌ಲಿಫ್ಟ್. ಡೆಡ್‌ಲಿಫ್ಟ್ ಶುರುವಾದದ್ದು 4 ಕಿಲೋದಿಂದ, ಅದೂ ನೆಲದಿಂದಲ್ಲ, ಸ್ಟೂಲಿನ ಮೇಲಿಂದ. ಹದಿನಾಲ್ಕು ತಿಂಗಳಿಗೆ 24 ಕಿಲೋ ನೆಲದಿಂದಲೇ ಎದ್ದಿತು. ಭಾರ ಹೆಚ್ಚಿಸದೆ ವರ್ಷಗಟ್ಟಲೆ ಅದೇ 1 ಕಿಲೋ ಡಂಬೆಲ್ ಆಡಿಸುವುದು ನನ್ನ ಪ್ರಕಾರ ಸಮಯ ಹಾಳು. ಆಸ್ಟ್ರೇಲಿಯಾದ ಲಿಫ್ಟ್‌ಮೋರ್ ಪ್ರಯೋಗದಲ್ಲಿ (2018) ಮುಟ್ಟು ನಿಂತ ಮಹಿಳೆಯರು ವಾರಕ್ಕೆ ಎರಡು ಸಲ, ತಲಾ 30 ನಿಮಿಷ, ತಮ್ಮಿಂದಾಗುವ ಗರಿಷ್ಠದ ಶೇ 85ಕ್ಕೂ ಹೆಚ್ಚು ಭಾರ ಎತ್ತಿದ್ದರು. 8 ತಿಂಗಳಿಗೆ ಕೆಳಬೆನ್ನಿನ ಮೂಳೆ ಸಾಂದ್ರತೆ ಸುಮಾರು ಶೇ 2.9 ಏರಿತ್ತು. ಆದರೆ ಅಲ್ಲಿ ಪ್ರತಿ ಸಲವೂ ತರಬೇತಿದಾರರು ಪಕ್ಕದಲ್ಲೇ ಇರುತ್ತಿದ್ದರು. ಇದನ್ನು ಓದಿ ನಾಳೆಯೇ ಒಬ್ಬರೇ ಭಾರ ಎತ್ತಲು ಹೋಗಬೇಡಿ.

"ದಿನಾ ಒಂದು ಗಂಟೆ ನಡೀತೀನಲ್ಲ" ಎಂದು ನಾನೂ ವಾದಿಸಿದ್ದೆ. ನಡಿಗೆ ಹೃದಯಕ್ಕೆ ಒಳ್ಳೆಯದು, ಆದರೆ ಮೂಳೆಗೆ ಅದು ದಿನನಿತ್ಯದ ಹಳೇ ಸುದ್ದಿ. ಈಜು, ಸೈಕಲ್‌ನಲ್ಲಂತೂ ಮೈಭಾರವೇ ಮೂಳೆಗೆ ತಾಗುವುದಿಲ್ಲ.

ಐದನೇ ತಿಂಗಳಲ್ಲಿ ಒಂದು ಎಡವಟ್ಟು ಮಾಡಿಕೊಂಡೆ. ಸ್ವಲ್ಪ ಧೈರ್ಯ ಬಂದಿತ್ತು, ಹೊಟ್ಟೆ ಕರಗಿಸುವ ಯಾವುದೋ ವಿಡಿಯೊ ಹಾಕಿಕೊಂಡು ಸಿಟ್-ಅಪ್ ಹೊಡೆದೆ, ಜೊತೆಗೆ ಮೊಣಕೈ ಎದುರು ಮಂಡಿಗೆ ತಾಗಿಸುವ ತಿರುಚಾಟ. ಎರಡನೇ ದಿನ ಬೆನ್ನ ನಡುವೆ ಚೂರಿ ಇರಿದಂಥ ನೋವು. ಎಕ್ಸ್-ರೇಯಲ್ಲಿ ಕುಸಿತ ಕಾಣಲಿಲ್ಲ, ಪುಣ್ಯ. ಮೂರು ವಾರ ಹೋಯಿತು. ಹೊಟ್ಟೆಗೆ ಈಗ ಮೊಣಕೈ, ಕಾಲ್ಬೆರಳ ಮೇಲೆ ಮೈಯನ್ನು ನೇರ ಹಿಡಿಯುವ ಪ್ಲಾಂಕ್ ಒಂದೇ. ಹೀಗೆ ಇದ್ದಕ್ಕಿದ್ದಂತೆ ಬೆನ್ನು ನೋವು ಬಂದರೆ, ಅಥವಾ ಎತ್ತರ 4 ಸೆಂ.ಮೀ.ನಷ್ಟು ಇಳಿದಿದೆ ಅನ್ನಿಸಿದರೆ, ವ್ಯಾಯಾಮ ನಿಲ್ಲಿಸಿ ಮೊದಲು ತೋರಿಸಬೇಕು.

ಮಾತ್ರೆಯನ್ನು ನಾನು ಬಿಟ್ಟಿಲ್ಲ. ವ್ಯಾಯಾಮ ಅದರ ಬದಲಿಗಲ್ಲ, ಅದರ ಜೊತೆಗೆ. ನನ್ನದು ಮೂಳೆ ಕರಗುವುದನ್ನು ತಡೆಯುವ ಅಲೆಂಡ್ರೊನೇಟ್, ವಾರಕ್ಕೊಂದು: ಬೆಳಗ್ಗೆ ಖಾಲಿ ಹೊಟ್ಟೆಗೆ, ತುಂಬಿದ ಲೋಟ ನೀರಿನ ಜೊತೆ. ನುಂಗಿದ ಮೇಲೆ ಅರ್ಧ ಗಂಟೆ ಮಲಗುವಂತಿಲ್ಲ, ತಿನ್ನುವಂತಿಲ್ಲ. ಆ ಅರ್ಧ ಗಂಟೆಯಲ್ಲಿ ಏನು ಮಾಡುವುದೆಂದು ತೋಚದೆ ಸಮತೋಲನದ ಅಭ್ಯಾಸ ಶುರು ಮಾಡಿದೆ. ಅಡುಗೆಕಟ್ಟೆ ಹಿಡಿದು ಒಂಟಿಕಾಲು, ಆಮೇಲೆ ಎರಡು ಬೆರಳಷ್ಟೇ ತಾಗಿಸಿ, ಆಮೇಲೆ ಕೈ ಬಿಟ್ಟು. ಹಿಮ್ಮಡಿಗೆ ಹೆಬ್ಬೆರಳು ತಾಗಿಸಿ ಗೆರೆಯ ಮೇಲೆ ನಡೆಯುವುದು. ಈಗದು ದಿನವೂ ನಡೆಯುತ್ತದೆ. ಮೂಳೆ ಎಷ್ಟೇ ತೆಳುವಿರಲಿ, ಬೀಳದಿದ್ದರೆ ಸೊಂಟ ಮುರಿಯುವ ಸಂಭವ ಬಹಳ ಕಡಿಮೆ. ಹಾಗಾಗಿ ಭಾರ ಎತ್ತುವ ದಿನ ತಪ್ಪಿದರೂ ಇದನ್ನು ತಪ್ಪಿಸುವುದಿಲ್ಲ.

ಎರಡು ವರ್ಷಕ್ಕೆ ಮತ್ತೆ ಡೆಕ್ಸಾ, ಬೇಕೆಂದೇ ಅದೇ ಯಂತ್ರದಲ್ಲಿ. ಯಂತ್ರ ಬದಲಾದರೆ ಹೋಲಿಕೆಗೆ ಅರ್ಥವಿಲ್ಲ. ಬೆನ್ನು ಮೈನಸ್ 2.6, ಸೊಂಟ ಮೈನಸ್ 2.1. ನಾನು ಕುಣಿಯುವುದರಲ್ಲಿದ್ದೆ. ವೈದ್ಯರು ಮಾತ್ರ "ಇಷ್ಟು ವ್ಯತ್ಯಾಸ ಯಂತ್ರದ ಲೆಕ್ಕದಲ್ಲೇ ಬರಬಹುದು, ಇಳಿದಿಲ್ಲ ಅನ್ನೋದೇ ಸುದ್ದಿ" ಎಂದರು. ಸರಿ, ಇಳಿದಿಲ್ಲ. ಆದರೆ 30 ಸೆಕೆಂಡಿನಲ್ಲಿ ಕುರ್ಚಿಯಿಂದ 8 ಸಲ ಏಳುತ್ತಿದ್ದವಳು ಈಗ 15 ಸಲ ಏಳುತ್ತೇನೆ. ಒಂಟಿಕಾಲಲ್ಲಿ 4 ಸೆಕೆಂಡ್ ನಿಲ್ಲುತ್ತಿದ್ದವಳು 28 ನಿಲ್ಲುತ್ತೇನೆ. ಇವು ಯಾವ ಯಂತ್ರದ ಲೆಕ್ಕವೂ ಅಲ್ಲ.

ಕಳೆದ ತಿಂಗಳಿಂದ ಹಿಮ್ಮಡಿ ಎತ್ತಿ ನೆಲಕ್ಕೆ ಧೊಪ್ಪೆಂದು ಬಿಡುವುದು ಸೇರಿದೆ, ದಿನಕ್ಕೆ 20 ಸಲ. ಕುರ್ಚಿಯ ಬೆನ್ನು ಹಿಡಿದೇ ಮಾಡುತ್ತೇನೆ. ಮುಂದಿನದು ಸಣ್ಣ ಜಿಗಿತವಂತೆ. ಅದಕ್ಕೆ ಫಿಸಿಯೋ ಇನ್ನೂ ಒಪ್ಪಿಗೆ ಕೊಟ್ಟಿಲ್ಲ, ನಾನೂ ಒತ್ತಾಯ ಮಾಡಿಲ್ಲ.