ಜೀಪಿನ ಡಿಫ್‌ಗೆ ದಪ್ಪ ಮುಚ್ಚಳ: ನಾನು ಮಾಡಿಸಿದ್ದು ಹೀಗೆ

ಸಕಲೇಶಪುರದ ಕಡೆ ನಮ್ಮ ತೋಟ. ಮನೆಯಿಂದ ಮೇಲಿನ ಕಾಫಿ ತೋಟಕ್ಕೆ ಹೋಗಬೇಕಾದರೆ ಒಂದು ಹಳ್ಳ ದಾಟಬೇಕು. ಪ್ರತಿ ಮಳೆಗಾಲದಲ್ಲೂ ಅಲ್ಲಿನ ಕಲ್ಲುಗಳು ಜಾಗ ಬದಲಿಸುತ್ತವೆ. ಒಂದು ಆಗಸ್ಟ್‌ನಲ್ಲಿ ಗೊಬ್ಬರದ ಮೂಟೆ ಹೇರಿಕೊಂಡು ಹೋಗುವಾಗ ಏರಿನಲ್ಲಿ ಚಕ್ರ ಜಾರಿತು. ರಿವರ್ಸ್ ತೆಗೆದುಕೊಂಡೆ. ಹಿಂದೆ, ಕೆಳಗಡೆ, ‘ಠಣ್’ ಅಂತ ಸದ್ದು. ಮನೆ ತಲುಪುವಷ್ಟರಲ್ಲಿ ಚಕ್ರ ಸುತ್ತಿದ ಹಾಗೆಲ್ಲ ‘ಟಿಕ್ ಟಿಕ್’. ಬೆಳಿಗ್ಗೆ ನೋಡಿದರೆ ಶೆಡ್ಡಿನ ನೆಲದ ಮೇಲೆ ತಟ್ಟೆಯಗಲ ಗೇರ್ ಆಯಿಲ್.

ನನ್ನದು ಹಳೆಯ ಮಹೀಂದ್ರ ಎಂಎಂ540. ಹಿಂದಿನ ಆಕ್ಸಲ್ ಡಾನಾ 44 ಜಾತಿಯದು, ವಿಲ್ಲಿಸ್ ಜೀಪಿನ ಕಾಲದಿಂದ ಬಂದದ್ದು. ಗಟ್ಟಿ ಆಕ್ಸಲ್. ಆದರೆ ಆಕ್ಸಲ್ ನಡುವೆ, ಎಂಜಿನ್ ಶಕ್ತಿಯನ್ನು ಎರಡೂ ಚಕ್ರಕ್ಕೆ ಹಂಚುವ ಗೇರುಗಳಿರುವ ಡಿಫರೆನ್ಷಿಯಲ್‌ನ (ಡಿಫ್) ಹಿಂಬದಿಗೆ 10 ಬೋಲ್ಟ್ ಹಾಕಿ ಕೂರಿಸುವ ಮುಚ್ಚಳ ಮಾತ್ರ ಬರೀ ಒತ್ತು ತಗಡು. ಬಿಚ್ಚಿದಾಗ ಅದರ ಕೆಳಭಾಗ ಒಳಗೆ ಕುಗ್ಗಿತ್ತು. ಒಳಮೈಯಲ್ಲಿ ಬಿಲ್ಲಿನ ಆಕಾರದ ಹೊಳೆಯುವ ಗೀರು. ಕ್ರೌನ್ ವೀಲ್, ಅಂದರೆ ಡಿಫ್ ಒಳಗಿನ ದೊಡ್ಡ ಹಲ್ಲಿನ ಚಕ್ರ, ಉಜ್ಜಿದ ಗುರುತು ಅದು. ಕೆಳಗಿನ ಎರಡು ಬೋಲ್ಟ್‌ಗಳ ತಲೆ ಅರ್ಧ ಸವೆದು ಹೋಗಿತ್ತು.

‘ಸುತ್ತಿಗೇಲಿ ತಟ್ಟಿ ಹಾಕೋಣ ಅಣ್ಣ, ನಡೆಯುತ್ತೆ’ ಅಂದ ಗ್ಯಾರೇಜಿನ ಹುಡುಗ. ಒಂದು ಸಲ ಕುಗ್ಗಿದ ತಗಡು ಮತ್ತೆ ಸಮ ಕೂರುವುದಿಲ್ಲ, ಸುಮ್ನೆ ಸೋರುತ್ತಲೇ ಇರುತ್ತದೆ. ದಪ್ಪ ಮುಚ್ಚಳವನ್ನೇ ಮಾಡಿಸುವುದು ಅಂತ ತೀರ್ಮಾನ ಮಾಡಿದೆ. ಎರಕದ ಕಬ್ಬಿಣದ ಮುಚ್ಚಳಗಳು, ಅಲ್ಯೂಮಿನಿಯಂ ಮುಚ್ಚಳಗಳು ಹೊರದೇಶದಲ್ಲಿ ಸಿಗುತ್ತವೆ. ಅಲ್ಯೂಮಿನಿಯಂ ನೋಡಲು ಚೆಂದ, ಬೇಗ ತಣ್ಣಗಾಗುತ್ತದೆ. ಆದರೆ ಕಲ್ಲಿಗೆ ಬಡಿಯುವ ಜಾಗಕ್ಕೆ ನನಗೆ ಕಬ್ಬಿಣವೇ ಬೇಕಿತ್ತು.

ಹಾಸನದ ಒಂದು ಲೇತ್ ಅಂಗಡಿಗೆ ಹಳೆಯ ಮುಚ್ಚಳವನ್ನೇ ಅಳತೆಗೆ ಕೊಟ್ಟೆ. ಬೋಲ್ಟ್ ಕೂರುವ ಬುಡದ ಪಟ್ಟಿಗೆ 10 ಮಿ.ಮೀ. ಪ್ಲೇಟ್, ಮೈಗೆ 6 ಮಿ.ಮೀ. ಪ್ಲೇಟ್. ಮೇಸ್ತ್ರಿಗೆ ನಾನು ಒತ್ತಿ ಹೇಳಿದ್ದು ಒಂದೇ: ಕೆಳಗಿನ ಬೋಲ್ಟ್‌ಗಳ ತಲೆ ಹೊರಗೆ ಕಾಣಬಾರದು. ಅದಕ್ಕೆ ಕೆಳಅಂಚಿನ ಸುತ್ತ ಒಂದು ದಪ್ಪ ಏಣು ಬೆಸೆದು, ಬೋಲ್ಟ್ ತಲೆಗಳು ಅದರ ಮರೆಯಲ್ಲಿ ಕೂರುವ ಹಾಗೆ ಮಾಡಿದರು. ಎಲ್ಲರೂ ಪ್ಲೇಟ್ ಎಷ್ಟು ದಪ್ಪ ಅಂತ ಕೇಳುತ್ತಾರೆ. ನನ್ನ ಮಟ್ಟಿಗೆ ದಪ್ಪಕ್ಕಿಂತ ಈ ಏಣೇ ಮುಖ್ಯ. ಬೋಲ್ಟ್ ತಲೆ ಸವೆದರೆ ಎಷ್ಟೇ ದಪ್ಪ ಮುಚ್ಚಳವಾದರೂ ಬಿಚ್ಚಲು ಒದ್ದಾಡಬೇಕು.

ವೆಲ್ಡಿಂಗ್ ಬಿಸಿಗೆ ಪಟ್ಟಿ ಸೊಟ್ಟ ಆಗುತ್ತದೆ. ಮೇಸ್ತ್ರಿ ಅದನ್ನು ಮೊದಲು ಒಂದು ದಪ್ಪ ಗುಜರಿ ಪ್ಲೇಟಿಗೆ ಬೋಲ್ಟ್ ಹಾಕಿ ಬಿಗಿದರು. ಈ ಕಡೆ ಒಂದಿಂಚು, ಎದುರು ಕಡೆ ಒಂದಿಂಚು ಅಂತ ಬೆಸೆಯುತ್ತ ಹೋದರು. ಪೂರ್ತಿ ಆರಿದ ಮೇಲೆ ಬಿಚ್ಚಿ, ಲೇತಿಗೆ ಕಟ್ಟಿ ಮುಖ ಸಮ ಮಾಡಿದರು. ಆಮೇಲೆ ಹೊರಗೆ ಬೆಸುಗೆಯ ಗೆರೆಗೆ ಸೀಮೆಸುಣ್ಣ ಬಳಿದು, ಒಳಗೆ ಸೀಮೆಎಣ್ಣೆ ಹೊಯ್ದು ಇಟ್ಟರು. ಅರ್ಧ ಗಂಟೆಯಲ್ಲಿ ಬಿಳಿ ಸುಣ್ಣದ ಮೇಲೆ ಸಾಸಿವೆ ಕಾಳಿನಷ್ಟು ಕಪ್ಪು ಚುಕ್ಕಿ ಒಂದು ಎದ್ದಿತು. ಕಣ್ಣಿಗೆ ಕಾಣದ ತೂತು! ಅದನ್ನು ಉಜ್ಜಿ ಮತ್ತೆ ಬೆಸೆದರು. ಆಯಿಲ್ ತುಂಬುವ ತೂತು ಹಳೆಯ ಮುಚ್ಚಳದ ಎತ್ತರದಲ್ಲೇ ಇರಲಿ ಅಂದೆ. ಮೇಲಿಟ್ಟರೆ ಆಯಿಲ್ ಜಾಸ್ತಿಯಾಗಿ ಸೀಲ್ ದಾಟಿ ಬ್ರೇಕ್ ಡ್ರಮ್ಮಿಗೆ ಹೋಗಬಹುದು. ಕೆಳಗೆ ಮ್ಯಾಗ್ನೆಟ್ ಇರುವ ಡ್ರೈನ್ ಪ್ಲಗ್ ಹಾಕಿಸಿದೆ.

ಕೂರಿಸುವ ಮೊದಲು ಒಳಗೆ ಜಾಗ ಸಾಕಾ ಅಂತ ನೋಡಲೇಬೇಕು. ಅಡುಗೆಮನೆಯಿಂದ ಒಂದು ಉಂಡೆ ಚಪಾತಿ ಹಿಟ್ಟು ತಂದು, ಮುಚ್ಚಳದ ಒಳಗೆ ಬೆರಳಷ್ಟು ದಪ್ಪಕ್ಕೆ ಮೆತ್ತಿದೆ. ನಾಲ್ಕು ಬೋಲ್ಟ್ ಹಾಕಿ, ಹಿಂದಿನ ಎರಡೂ ಚಕ್ರ ಎತ್ತಿ ಕೈಯಲ್ಲೇ ತಿರುಗಿಸಿದೆ. ಬಿಚ್ಚಿ ನೋಡಿದಾಗ ಹಿಟ್ಟಿನ ಮೇಲೆ ಕ್ರೌನ್ ವೀಲಿನ ಅಚ್ಚು ಸ್ಪಷ್ಟವಾಗಿ ಬಿದ್ದಿತ್ತು. ತೀರಾ ತೆಳುವಾದ ಜಾಗದಲ್ಲಿ 5 ಮಿ.ಮೀ. ಹಿಟ್ಟು ಉಳಿದಿತ್ತು. ಸಮಾಧಾನ ಆಯಿತು. ಹಿಟ್ಟಿನ ಒಂದು ಕಣವೂ ಉಳಿಯದ ಹಾಗೆ ಎರಡು ಸಲ ಒರೆಸಿದೆ.

ಪಟ್ಟಿ ದಪ್ಪ ಆದ್ದರಿಂದ ಬೋಲ್ಟ್ ಉದ್ದ ಬೇಕು, ಆದರೆ ತೂತಿನ ತಳ ಮುಟ್ಟುವಷ್ಟು ಉದ್ದ ಬೇಡ. ತಳ ಮುಟ್ಟಿದರೆ ಬಿಗಿಯಾದ ಹಾಗೆ ಅನ್ನಿಸುತ್ತದೆ, ಮುಚ್ಚಳ ಮಾತ್ರ ಸಡಿಲ ಇರುತ್ತದೆ. ಆಯಿಲ್ ಸೋರದ ಹಾಗೆ ಸಿಲಿಕೋನ್ ಪೇಸ್ಟನ್ನು ಪ್ರತಿ ತೂತಿನ ಒಳಬದಿಯಿಂದ ಸುತ್ತಿ ಎಳೆದೆ. ಮೊದಲು ಬೆರಳಲ್ಲಿ ಬಿಗಿ, ಒಂದು ಗಂಟೆ ಬಿಟ್ಟು ಎದುರುಬದುರಾಗಿ ಸುಮಾರು 45 ನ್ಯೂಟನ್ ಮೀಟರ್ ಟಾರ್ಕ್. ಮಾರನೆ ದಿನ ಇಪಿ 90 ಗೇರ್ ಆಯಿಲ್ ತುಂಬಿದೆ.

ಇದರ ಜೊತೆ ಬ್ರೀದರ್‌ಗೂ (ಆಕ್ಸಲ್ ಒಳಗಿನ ಗಾಳಿ ಓಡಾಡುವ ಸಣ್ಣ ಕಿಂಡಿ) ಒಂದು ಪೈಪ್ ಹಾಕಿ ಮೇಲಕ್ಕೆ ಕಟ್ಟಿಬಿಡಿ. ಬಿಸಿಯಾದ ಆಕ್ಸಲ್ ತಣ್ಣೀರಿಗೆ ಇಳಿದ ಕೂಡಲೇ ಒಳಗಿನ ಗಾಳಿ ಕುಗ್ಗಿ, ಬ್ರೀದರ್‌ನಿಂದಲೋ ಸೀಲಿನಿಂದಲೋ ನೀರು ಎಳೆದುಕೊಳ್ಳುತ್ತದೆ. ಆಯಿಲ್ ಹಾಲು ಬೆರೆಸಿದ ಕಾಫಿ ಬಣ್ಣಕ್ಕೆ ತಿರುಗಿದರೆ ಬೇರಿಂಗ್ ಕಥೆ ಮುಗಿದ ಹಾಗೆ.

ದಪ್ಪ ಮುಚ್ಚಳ ಹಾಕಿದರೆ ಆಕ್ಸಲ್ಲೇ ಗಟ್ಟಿಯಾಗುತ್ತದೆ ಅಂತ ಕೆಲವರು ಹೇಳುತ್ತಾರೆ. ನಮ್ಮ ತೋಟದ ಓಡಾಟದಲ್ಲಿ ನನಗೆ ಅಂಥ ವ್ಯತ್ಯಾಸ ಕಂಡಿಲ್ಲ. ಇದು ಪೆಟ್ಟು ತಡೆಯುವ ಕವಚ, ಅಷ್ಟೇ. ಈಗ ಎರಡು ಮಳೆಗಾಲ ಕಳೆದಿದೆ. ಏಣಿನ ಮೇಲೆ ಬೆರಳುದ್ದದ ಮೂರು ಗೀರು ಬಿದ್ದಿವೆ, ಅದರ ಮರೆಯಲ್ಲಿರುವ ಬೋಲ್ಟ್‌ಗಳು ಹೊಸದರ ಹಾಗೇ ಇವೆ. ಮೊನ್ನೆ ಆಯಿಲ್ ಬದಲಿಸುವಾಗ ಮ್ಯಾಗ್ನೆಟ್ ಮೇಲೆ ಕಾಡಿಗೆಯಂಥ ನುಣ್ಣನೆ ಪುಡಿ ಮಾತ್ರ ಇತ್ತು. ಇನ್ನು ಮುಂದಿನ ಆಕ್ಸಲ್ ಸರದಿ. ಅದರ ಮುಚ್ಚಳ ಮುಂದಕ್ಕೇ ಮುಖ ಮಾಡಿರುತ್ತದೆ, ಕಲ್ಲು ಮೊದಲು ಮುಟ್ಟುವುದೇ ಅದನ್ನ ಅಲ್ವಾ? ಅಳತೆ ತೆಗೆದು ಮೇಸ್ತ್ರಿಗೆ ಕೊಟ್ಟು ಬಂದಿದ್ದೇನೆ.