ಆಕ್ಸಲ್ ಬೋಲ್ಟ್ ಪದೇಪದೇ ಕಟ್ ಆಗತಾವಂದ್ರ ಬೋಲ್ಟಿಗೆ ಬೈಬ್ಯಾಡ್ರಿ, ಮೊದಲ ಗ್ರೀಸ್ ಒರಸ್ರಿ

ಹಳೆ ಸ್ಪೋರ್ಟ್ಸ್ ಕಾರಿಗೆ ದೊಡ್ಡ ಎಂಜಿನ್ ಕೂಡಿಸಿದವರು ಒಂದಲ್ಲ ಒಂದಿನ ಬೆಳಗಾವಿಯ ಕಾರ್ಖಾನಿ ಪ್ರದೇಶ ಉದ್ಯಮಬಾಗಕ್ಕ ಬಂದು ಕೇಳೋದು ಇದನ್ನ: "ಇನ್ನೂ ಗಟ್ಟಿ ಬೋಲ್ಟ್ ಎಲ್ಲಿ ಸಿಗತಾವ್ರಿ?" ಆಕ್ಸಲ್ಲಿನ ಸಿವಿ ಜಾಯಿಂಟ್ (ಆಕ್ಸಲ್ ಕೋನದಾಗಿದ್ರೂ ಚಕ್ರಕ್ಕ ಜೋರು ದಾಟಸೋ ಕೀಲು) ಹಿಡಕೊಂಡಿರೋ ಬೋಲ್ಟ್ ವಂಟಮುರಿ ಘಾಟಿನ ಏರಿನಾಗೋ ಚೋರ್ಲಾದ ತಿರುವಿನಾಗೋ ಕಟ್ ಆಗಿರತೈತಿ, ಗಾಡಿ ಟೋ ಮಾಡ್ಕೊಂಡು ಬಂದಿರತಾರ, ಹೊಸಾ ಬೋಲ್ಟ್ ಹಾಕಿ ಕಳಸತಾರ, ಸ್ವಲ್ಪ ದಿನಕ್ಕ ಮತ್ತ ಅದs ಕಥಿ. ಗಟ್ಟಿ ಬೋಲ್ಟ್ ಬೇಕು ಖರೆ, ಆದ್ರ ಹತ್ತರಾಗ ಎಂಟು ಸಲ ತಪ್ಪು ಬೋಲ್ಟಿಂದಲ್ಲ, ಬಿಗಿದವನ ಕೈಯಂದು.

ಒಂದು ಮಾತು ತಲಿಯಾಗ ಇಟ್ಕೋರಿ. ಎಂಜಿನ್ನಿನ ಜೋರು ಚಕ್ರಕ್ಕ ಹೋಗೋದು ಬೋಲ್ಟಿನ ದಂಡಿನ ಮ್ಯಾಲ ಅಲ್ಲ. ಬೋಲ್ಟ್ ಜಾಯಿಂಟನ್ನ ಎದುರಿನ ಚಪ್ಪಟಿ ಬಿಲ್ಲಿಗೆ, ಅಂದ್ರ ಫ್ಲ್ಯಾಂಜಿಗೆ, ಒತ್ತಿ ಹಿಡೀತೈತಿ, ಆ ಎರಡು ಮೈ ಒಂದಕ್ಕೊಂದು ತಿಕ್ಕಿ ಹಿಡಕೊಂಡು ಜೋರು ದಾಟಸತಾವು. ಒತ್ತು ಕಡಿಮಿ ಆತಂದ್ರ ಮೈ ಜಾರತೈತಿ, ಜಾರಿದ ಕೂಡಲೆ ಬೋಲ್ಟ್ ಅಡ್ಡ ಹೊಡತ ತಿನ್ನಾಕ ಶುರು ಮಾಡತೈತಿ. ಅಡ್ಡ ಜಾರಾಟ ಇದ್ರ ಬೋಲ್ಟ್ ತಂತಾನs ಬಿಚ್ಚಿಕೋತ ಹೋಗತೈತಿ ಅಂತ ಜರ್ಮನಿಯ ಗೆರ್ಹಾರ್ಡ್ ಯುಂಕರ್ 1969ರಾಗನs ಮಶೀನಿಗೆ ಹಾಕಿ ತೋರಿಸ್ಯಾರ. ಅದಕ್ಕ ಸ್ಪ್ರಿಂಗ್ ವಾಶರ್ ಮದ್ದಲ್ಲ, ಅದನ್ನ ಡಬ್ಬಿಯಾಗ ಬಿಡ್ರಿ.

ಲೆಕ್ಕ ನೋಡ್ರಿ. ಫೋಕ್ಸ್‌ವ್ಯಾಗನ್ನಿನ ಕಾರ್ಮನ್ ಗಿಯಾ ಅಥವಾ ಹಿಂದ ಸ್ವತಂತ್ರ ಸಸ್ಪೆನ್ಶನ್ ಇರೋ ಬೀಟಲ್ ಜಾತಿ ಗಾಡಿಗೆ ನಾಲ್ಕು ಸಿವಿ ಜಾಯಿಂಟ್, ಒಂದೊಂದಕ್ಕ ಆರು ಎಂ8 (8 ಮಿಲಿಮೀಟರ್ ದಪ್ಪದ) ಬೋಲ್ಟ್, ಒಟ್ಟ 24. 1600 ಸಿಸಿ ಎಂಜಿನ್ನಿನ ಟಾರ್ಕ್, ಅಂದ್ರ ತಿರುಗಸೋ ಜೋರು, ಸುಮಾರು 106 ನ್ಯೂಟನ್ ಮೀಟರ್. ಫಸ್ಟ್ ಗೇರ್ 3.80, ಡಿಫರೆನ್ಶಿಯಲ್ 4.125 ಹಿಡದು ಗುಣಿಸಿ ಎರಡು ಚಕ್ರಕ್ಕ ಹಂಚಿದ್ರ ಒಂದು ಚಕ್ರಕ್ಕ 830ರ ಹತ್ರ ಬೀಳತೈತಿ. 160 ನ್ಯೂಟನ್ ಮೀಟರ್ ಟಾರ್ಕಿನ ಎಂಜಿನ್ ಹಾಕಿದ್ರ 1250. ಸ್ವಚ್ಛ ಮೈ, 12.9 ಗ್ರೇಡಿನ (ಭಾಳ ಗಟ್ಟಿ ಉಕ್ಕಿನ) ಆರು ಬೋಲ್ಟ್, ಬರೋಬ್ಬರಿ ಬಿಗಿದ್ರ ಆ ಜಾಯಿಂಟ್ ತಡಿಯೋದು ಸುಮಾರು 900ರ ತನಕ. ಮೈಮ್ಯಾಲ ಗ್ರೀಸ್ ಇತ್ತಂದ್ರ ಅದರ ಅರ್ಧ. ಹಂಗಾದ್ರ ಕಂಪನಿ ಗಾಡಿ ಹೆಂಗ ಓಡತಾವು ಅಂದ್ರ, ಸಣ್ಣ ಟೈರ್ 700ರ ಹತ್ರನs ಜಾರಿಬಿಡತೈತಿ, ಅದು ಮನಿ ಮೀಟರಿನ ಫ್ಯೂಸ್ ಇದ್ದಂಗ. ನಮ್ಮ ಹುಡುಗ್ರು ಎಂಜಿನ್ ಜೊತಿಗೆ ಅಗಲ ಟೈರೂ ಹಾಕತಾರ, ಫ್ಯೂಸ್ ತಗದಂಗಾತು, ಆಮ್ಯಾಲ ಕಟ್ ಆಗೋದು ಬೋಲ್ಟs.

ಇನ್ನ ಕೆಲಸಕ್ಕ ಬರೂಣು. ಗಾಡಿ ಸ್ಟ್ಯಾಂಡ್ ಮ್ಯಾಲ, ಮುಂದಿನ ಚಕ್ರಕ್ಕ ಕಲ್ಲು, ಬರೇ ಜಾಕ್ ಮ್ಯಾಲ ಬಿಟ್ಟು ಕೆಳಗ ಹೋಗಬ್ಯಾಡ್ರಿ.

ಬೋಲ್ಟ್ ಬಿಚ್ಚೋ ಮೊದಲ ತಲಿಯೊಳಗಿನ ತೂತಿನ ಹೊಲಸನ್ನ ಸೂಜಿಯಿಂದ ಕೆದರಿ ತಗೀರಿ. ಜರ್ಮನ್ ಗಾಡಿಯೊಳಗ ಭಾಳ ಸಲ ಅದು ಹನ್ನೆರಡು ಹಲ್ಲಿನ ತೂತು, ಆರು ಮೂಲಿಯ ಅಲನ್ ಅಲ್ಲ. ಹೊಲಸು ತುಂಬಿದಾಗ ಎರಡೂ ಒಂದs ಥರ ಕಾಣತಾವು, ಅಲನ್ ಕೀ ತುರುಕಿ ತಿರುವಿದ್ರ ಹಲ್ಲು ಸವದು ಹೋಗತಾವು, ಆಮ್ಯಾಲ ವೆಲ್ಡಿಂಗ್ ಮಾಡಿ ತಗೀಬೇಕು. ಸರಿಯಾದ ಬಿಟ್ ಕೂಡಿಸಿ ಸುತ್ತಿಗಿಲೆ ಎರಡೇಟು ಹಾಕಿ ಆಮ್ಯಾಲ ತಿರುವ್ರಿ.

ಹಳೆ ಬೋಲ್ಟ್ ಒಗೀಬ್ಯಾಡ್ರಿ, ಅದನ್ನ ಓದಾಕ ಬರತೈತಿ. ಮುರದ ಮೈಮ್ಯಾಲ ಅಲಿ ಅಲಿ ಗೆರಿ ಇದ್ರ ಒಮ್ಮೆಲೆ ಮುರದಿಲ್ಲ, ಸಡ್ಲಾಗಿ ದಿನಾ ಸ್ವಲ್ಪ ಸ್ವಲ್ಪ ಬಿರುಕು ಬಿಟ್ಟೈತಿ. ದಂಡು ಸೊಟ್ಟಾಗಿದ್ರ ಜಾಯಿಂಟ್ ಜಾರೈತಿ. ಫ್ಲ್ಯಾಂಜಿನ ಮ್ಯಾಲ ಕೆಂಪು ಪುಡಿ ಕೂತಿದ್ರ ಅದೂ ಜಾರಿದ್ದರ ಗುರುತು. ಒಂದು ಬೋಲ್ಟ್ ಕಟ್ ಆಗಿದ್ರೂ ಆ ಜಾಯಿಂಟಿನ ಆರೂ ಬದಲಿ ಮಾಡ್ರಿ, ಉಳದ ಐದೂ ಪೆಟ್ಟು ತಿಂದಿರತಾವು.

ಈಗ ಎಲ್ಲಾರೂ ಕೆಡಸೋ ಜಾಗಾ. ಸಿವಿ ಜಾಯಿಂಟ್ ಅಂದ್ರ ಗ್ರೀಸಿನ ಗುಂಡಿ, ಆ ಗ್ರೀಸು ಬೋಲ್ಟಿನ ತೂತಿಗೂ ಮೈಗೂ ಹರಕೋತ ಬರತೈತಿ. ಹುಡುಗ ಒಂದು ಹೊಲಸು ಬನಿಯನ್ ಅರಬಿಲೆ ಸುಮ್ನ ಒರಸಿ ಜೋಡಸತಾನ, ನೋಡಾಕ ಮಿಂಚತೈತಿ, ಮುಟ್ಟಿ ನೋಡಿದ್ರ ಜಿಡ್ಡು ಹಂಗs. ಹಿಂಗ ಮಾಡ್ರಿ: ಗ್ರೀಸನ್ನ ಬೂಟಿನ (ಜಾಯಿಂಟಿನ ರಬ್ಬರ್ ಚೀಲದ) ಕಡಿಯಿಂದ ತುಂಬ್ರಿ, ಫ್ಲ್ಯಾಂಜಿನ ಕಡಿಗೆ ಬಳಕೊಂಡು ತುಂಬಬ್ಯಾಡ್ರಿ. ಎಲ್ಲಾ ತುಂಬಿ ಆದ ಮ್ಯಾಲನs, ಜೋಡಸೋ ಮುಂಚೆ ಕಡೀಕ, ಎರಡೂ ಮೈ ಬ್ರೇಕ್ ಕ್ಲೀನರ್ ಹೊಡದು ಬಿಳಿ ಅರಬಿಲೆ ಒರಸ್ರಿ, ಅರಬಿ ಬೆಳ್ಳಗ ಉಳಿಯೂ ಮಟಾ ಒರಸ್ತಾನs ಇರ್ರಿ. ಪೆಟ್ರೋಲಿಲೆ ತೊಳದ್ರ ಆರಿದ ಮ್ಯಾಲೂ ಸಣ್ಣ ಜಿಡ್ಡು ಬಿಡತೈತಿ, ಅದಕ್ಕ ನನಗದು ಸೇರಂಗಿಲ್ಲ. ಫ್ಲ್ಯಾಂಜಿನ ತೂತಿನೊಳಗ ಕಡ್ಡಿಗೆ ಅರಬಿ ಸುತ್ತಿ ತಿರುವ್ರಿ, ಹಳೆ ಗ್ರೀಸ್ ಅಲ್ಲಿ ತುಂಬಿಕೊಂಡಿದ್ರ ಬೋಲ್ಟ್ ತಳಕ್ಕ ಹೋಗಂಗಿಲ್ಲ, ಬಿಗಿ ಆದಂಗ ಅನಿಸತೈತಿ ಖರೆ, ಒತ್ತು ಇರಂಗಿಲ್ಲ. ಮೈಮ್ಯಾಲ ಪೇಂಟ್, ಪೌಡರ್ ಕೋಟಿಂಗ್ ಇದ್ರ ಕೆರದು ತಗೀರಿ, ಕಾಗದದ ಗ್ಯಾಸ್ಕೆಟ್ ಅಂತೂ ಬ್ಯಾಡs ಬ್ಯಾಡ, ಅದು ಕುಗ್ಗತೈತಿ, ಕುಗ್ಗಿದಷ್ಟು ಬೋಲ್ಟ್ ಸಡ್ಲ. ಅಂಚಿನ್ಯಾಗ ಉಬ್ಬು ಇದ್ರ ಎಣ್ಣಿಕಲ್ಲಿಲೆ ಮಟ್ಟ ಮಾಡಿ ಮತ್ತ ಒರಸ್ರಿ.

ಬೋಲ್ಟಿನ ವಿಚಾರಕ್ಕ, ತಲಿ ಮ್ಯಾಲ 12.9 ಅಂತ ಬರದಿರಬೇಕು, 8.8 ಆದ್ರ ಒತ್ತು ಅರ್ಧದಷ್ಟಕ್ಕ ಸ್ವಲ್ಪ ಮ್ಯಾಲ. ಬರೇ ಬರದದ್ದನ್ನ ನಂಬಿ ತೂಕದ ಲೆಕ್ಕಕ್ಕ ಮಾರೋ ಅಂಗಡಿಯಾಗ ತಗೋಬ್ಯಾಡ್ರಿ, ಹೆಸರು ಮಾಡಿದ ಕಂಪನಿದು ಪ್ಯಾಕೆಟ್ ಸೀಲ್ ಇದ್ದದ್ದನ್ನ ಬಿಲ್ ಸಮೇತ ತಗೋರಿ. ಬೆಳ್ಳಗ ಮಿಂಚೋ ಝಿಂಕ್ ಹಚ್ಚಿದ 12.9 ನಾನು ಹಾಕಂಗಿಲ್ಲ, ಪ್ಲೇಟಿಂಗ್ ಹೊತ್ತಿಗೆ ಹೈಡ್ರೋಜನ್ ಒಳಗ ಸೇರಿ ಇಷ್ಟು ಗಟ್ಟಿ ಉಕ್ಕು ಪೆಡಸಾಗಿ, ಬಿಗಿದ ಮರುದಿನ ತಾನs ತಲಿ ಹಾರಿಸಿಕೊಳ್ಳೋದು ಐತಿ. ಕರಿ ಬೋಲ್ಟ್ ಸಾಕು. ಉದ್ದ ಅಳೀರಿ: ಜಾಯಿಂಟಿನ ದಪ್ಪ, ಪ್ಲೇಟಿನ ದಪ್ಪ, ಮತ್ತ ಥ್ರೆಡ್ ಒಳಗ ಕನಿಷ್ಠ 8 ರಿಂದ 10 ಮಿಲಿಮೀಟರ್. ಭಾಳ ಉದ್ದ ಆದ್ರ ಹಿಂದ ಗೇರ್‌ಬಾಕ್ಸಿಗೆ ತಾಗತೈತಿ. ಎರಡು ಬೋಲ್ಟಿಗೊಂದು ಅರ್ಧಚಂದ್ರ ಪ್ಲೇಟ್ ಬರತೈತಲ್ಲ, ಅದನ್ನ ಕಳದು ಬರೇ ವಾಶರ್ ಹಾಕೋರು ಅದಾರ, ಹಂಗ ಮಾಡಬ್ಯಾಡ್ರಿ.

ಬಿಗಿಯೋದು. ಆರೂ ಬೋಲ್ಟ್ ಕೈಲೆ ತಿರುವಿ ಕೂಡಿಸ್ರಿ, ಆಮ್ಯಾಲ ಎದುರಬದರ ಹಿಡದು ಮೊದಲ ಅರ್ಧ, ನಂತರ ಪೂರ್ತಿ, ಕಡೀಕ ಅದs ಟಾರ್ಕಿಲೆ ಒಂದು ಸುತ್ತು ಸುಮ್ನ ನೋಡ್ರಿ. ಕಂಪನಿ ಪುಸ್ತಕದಾಗ ಇದಕ್ಕ ಸುಮಾರು 35 ನ್ಯೂಟನ್ ಮೀಟರ್ ಐತಿ, ಹೊಸಾ 12.9 ಒಣ ಥ್ರೆಡ್ಡಿಗೆ ನಾನು 40 ಹಾಕತೀನಿ. ಥ್ರೆಡ್ಡಿಗೆ ಎಣ್ಣಿ ಹಚ್ಚಿದ್ರ 32ಕ್ಕ ಅದs ಒತ್ತು ಬರತೈತಿ, ಎಣ್ಣಿ ಹಚ್ಚಿ 40 ಬಿಗಿದ್ರ ಬೋಲ್ಟ್ ಎಳದು ಹೋಗತೈತಿ. ಯಾಕಂದ್ರ ನಾವು ಹಾಕೋ ಜೋರಿನಾಗ ಹತ್ತರಾಗ ಒಂದು ಪಾಲು ಅಷ್ಟs ಒತ್ತಿಗೆ ಹೋಗೋದು, ಉಳದದ್ದೆಲ್ಲಾ ತಿಕ್ಕಾಟಕ್ಕ. "ಕೈಗೆ ಗೊತ್ತಾಗತೈತಿ ಬಿಡ್ರಿ" ಅನ್ನೋ ಮಿಸ್ತ್ರಿಗೆ ಈ ಕೆಲಸ ಕೊಡಬ್ಯಾಡ್ರಿ, ಇಂಪ್ಯಾಕ್ಟ್ ಗನ್ನಂತೂ ಬಿಚ್ಚಾಕ ಮಾತ್ರ.

ಥ್ರೆಡ್ಡಿಗೆ ಹಚ್ಚೋ ಅಂಟು ಲಾಕ್‌ಟೈಟ್ ಹಚ್ಚಬೇಕೇನು? ನಾನು ಹಚ್ಚಂಗಿಲ್ಲ. 50 ರಿಂದ 100 ಕಿಲೋಮೀಟರ್ ಓಡಿದ ಮ್ಯಾಲ ಮತ್ತೊಮ್ಮೆ ಬಿಗೀಬೇಕು, ಆಗ ಅಂಟು ಒಡೀತೈತಿ, ಒಡದ ಅಂಟು ಇದ್ದೂ ಇಲ್ಲದಂಗ. ಅದರ ಬದಲಿ ಬೋಲ್ಟಿನ ತಲಿಯಿಂದ ಪ್ಲೇಟಿನ ತನಕ ಬಿಳಿ ಪೇಂಟಿನ ಗೆರಿ ಎಳೀರಿ. ಗೆರಿ ತಪ್ಪಿದ್ರ ದೂರದಿಂದನs ಗೊತ್ತಾಗತೈತಿ.

ಗಾಡಿ ತಗ್ಗಿಸಿದವರು, ಎಂಜಿನ್ ಮೌಂಟ್ ಬದಲಿ ಮಾಡಿದವರು ಇನ್ನೊಂದು ನೋಡ್ರಿ. ಚಕ್ರ ಪೂರ್ತಿ ಕೆಳಗ ಜೋತಾಡಿದಾಗ ಕೈಲೆ ತಿರುವ್ರಿ, ಎಲ್ಲೆರೆ ಹಿಡದಂಗ ಆದ್ರ ಜಾಯಿಂಟಿನ ಕೋನ ಮೀರೈತಿ, ಅಲ್ಲಿ ಎಂಥಾ ಬೋಲ್ಟೂ ಉಳಿಯಂಗಿಲ್ಲ.

ಇಷ್ಟೆಲ್ಲಾ ಮಾಡಿ, ಎಂಜಿನ್ 160ರ ಮ್ಯಾಲ, ಅಗಲ ಟೈರ್, ಮ್ಯಾಲಿಂದ ಕ್ಲಚ್ ಒಮ್ಮೆಲೆ ಬಿಡೋ ಚಾಳಿನೂ ಇದ್ರ ಎಂ8 ಬಿಡ್ರಿ. ಇರೋ ಜಾಯಿಂಟನ್ನ ಎಂ10ಕ್ಕ ಕೊರಸಾಕ ಹೋಗಬ್ಯಾಡ್ರಿ, ಅದರ ಹೊರಗಿನ ರಿಂಗ್ ಹಾರ್ಡ್ ಮಾಡಿದ್ದು, ಕೈ ಡ್ರಿಲ್ಲಿಗೆ ಬಗ್ಗಂಗಿಲ್ಲ, ಬಗ್ಗಿದ್ರೂ ತೂತು ಸೊಟ್ಟ. ಪೋರ್ಷೆ 930 ಟರ್ಬೋದ 108 ಮಿಲಿಮೀಟರ್ ಜಾಯಿಂಟಿಗೆ ಎಂ10 ಬೋಲ್ಟ್ ಬರತಾವು, ಅದನ್ನ ತರಸಿ ಅದಕ್ಕ ಹೊಂದೋ ಫ್ಲ್ಯಾಂಜನ್ನ ಉದ್ಯಮಬಾಗದಾಗ ಸಿಎನ್‌ಸಿ ಮ್ಯಾಲ ಮಾಡಸ್ರಿ, ಡ್ರಾಯಿಂಗ್ ಕೊಟ್ಟು, ಯಾವ ಉಕ್ಕು ಅಂತ ಬರದು ಕೊಟ್ಟು. ರೊಕ್ಕ ಭಾಳಾಗತೈತಿ, ರೊಕ್ಕ ಇಲ್ಲಂದ್ರ ಟೈರ್ ಸಣ್ಣದು ಹಾಕ್ರಿ.