ಮುಧೋಳ ನಾಯಿಯೊಡನೆ ನಮ್ಮ ಸಂಸಾರ

ಮುಧೋಳ ನಾಯಿ ಮನೆಯೊಳಗೆ ಸಾಕುವಂಥದ್ದಲ್ಲ, ಅದೇನಿದ್ದರೂ ಹೊಲದ ನಾಯಿ, ಬೇಟೆಯ ನಾಯಿ ಎನ್ನುವವರು ನಮ್ಮ ಕಡೆ ಬಹಳ ಮಂದಿ. ಅದರ ನಿಲುವಿಗೆ ಮರುಳಾಗಿ ಮರಿಯನ್ನು ಸೀದಾ ಬೆಂಗಳೂರಿನ ಮೂರನೇ ಮಹಡಿಯ ಫ್ಲ್ಯಾಟಿಗೆ ಒಯ್ಯುವವರೂ ಇದ್ದಾರೆ. ಧಾರವಾಡದ ಹೊರವಲಯದಲ್ಲಿರುವ ನಮ್ಮ ಮನೆಯಲ್ಲಿ ಅತ್ತೆ, ನಾನು, ನನ್ನ ಯಜಮಾನರು, ಇಬ್ಬರು ಮಕ್ಕಳ ನಡುವೆ ಚಿಗರಿ ಎಂಬ ಮುಧೋಳ ಹೆಣ್ಣು ನಾಯಿ ಬೆಳೆದಿದೆ. ಅದನ್ನು ಸಾಕುತ್ತ ನನಗೆ ಮನದಟ್ಟಾದ ಸಂಗತಿ ಒಂದೇ. ದಿನಕ್ಕೊಮ್ಮೆ, ಕೆಲವೇ ನಿಮಿಷ, ಕೊರಳಿಗೆ ಹಗ್ಗವಿಲ್ಲದೆ ತನ್ನ ಪೂರ್ತಿ ವೇಗದಲ್ಲಿ ಓಡುವ ಅವಕಾಶ ಸಿಕ್ಕರೆ ಉಳಿದ ಹೊತ್ತೆಲ್ಲ ಇದರಷ್ಟು ಸೌಮ್ಯವಾಗಿ ಮನೆಯಲ್ಲಿರುವ ನಾಯಿ ಅಪರೂಪ. ಆ ಓಟ ತಪ್ಪಿದ ದಿನ ಬಾಗಿಲ ಪರದೆಯೂ ಉಳಿಯುವುದಿಲ್ಲ, ಚಪ್ಪಲಿಯೂ ಉಳಿಯುವುದಿಲ್ಲ.

ಕಾರಣ ಅದರ ಮೈಕಟ್ಟಿನಲ್ಲೇ ಇದೆ. ವಾಸನೆ ಹಿಡಿದು ಗಂಟೆಗಟ್ಟಲೆ ಜಾಡು ತುಳಿಯುವ ನಾಯಿಗಳದ್ದು ಒಂದು ಬಗೆ. ಕಣ್ಣಿಗೆ ಬಿದ್ದ ಕ್ಷಣವೇ ನುಗ್ಗಿ ಹಿಡಿಯುವ ನಾಯಿಗಳದ್ದು ಇನ್ನೊಂದು. ಮುಧೋಳ ಎರಡನೆಯ ಬಗೆಯದು. ಗ್ರೇಹೌಂಡ್, ಸಲೂಕಿಗಳ ಬಳಗಕ್ಕೆ ಸೇರಿದ್ದು. ಉದ್ದ ಕಾಲು, ಆಳವಾದ ಎದೆ, ಬೆನ್ನಿಗೆ ಅಂಟಿದಂಥ ಹೊಟ್ಟೆ, ಕಿರಿದಾದ ತಲೆ. ಬಯಲುಸೀಮೆಯ ಹೊಲಗಳಲ್ಲಿ ಮೊಲದ ಬೆನ್ನಟ್ಟುವುದಕ್ಕೆಂದೇ ತಲೆಮಾರುಗಳಿಂದ ಆರಿಸಿ ಬೆಳೆಸಿದ ದೇಹ ಅದು. ಮುಧೋಳ ಸಂಸ್ಥಾನದ ರಾಜಾ ಮಾಲೋಜಿರಾವ್ ಘೋರ್ಪಡೆಯವರು ಈ ತಳಿಗೆ ಆಸರೆಯಾಗಿ ನಿಂತು, ಒಂದು ಜೋಡಿಯನ್ನು ಐದನೇ ಜಾರ್ಜ್ ದೊರೆಗೆ ಕಾಣಿಕೆಯಾಗಿ ಕೊಟ್ಟದ್ದನ್ನು ಆ ಭಾಗದ ಜನ ಇಂದಿಗೂ ಹೆಮ್ಮೆಯಿಂದ ಹೇಳುತ್ತಾರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಈಗ ಮೊಲದ ಬೇಟೆ ಅಪರಾಧ. ಆಗಲೇಬೇಕಾದ ಕಾನೂನು ಅದು, ನನಗೆ ಎರಡು ಮಾತಿಲ್ಲ. ಆದರೆ ನಾಯಿಯ ಕಾಲುಗಳಿಗೆ ಕಾಯ್ದೆ ತಿಳಿಯದು. ಕೆಲಸ ಹೋಯಿತು, ಕಸುವು ಉಳಿಯಿತು. ಆ ಕಸುವಿಗೆ ದಾರಿ ಮಾಡಿಕೊಡುವುದು ಸಾಕುವವರ ಹೊಣೆ.

ಮರಿ ತರುವ ಮುಂಚೆ ನಾವು ಬೇಲಿ ಕಟ್ಟಿದೆವು. ಮನೆಯ ಹಿಂದೆ ಯಜಮಾನರ ತಂದೆಯ ಕಾಲದ ಖಾಲಿ ಜಾಗವಿತ್ತು; ಸುತ್ತ ಮುಳ್ಳುತಂತಿ. ಅದನ್ನು ಕಿತ್ತು ಆಳೆತ್ತರಕ್ಕೆ ಜಾಲರಿ ಬೇಲಿ ಹಾಕಿಸಿದೆವು. ಈ ನಾಯಿಯ ಚರ್ಮ ತೀರ ತೆಳು, ಕೂದಲು ಗಿಡ್ಡ. ಬೇರೆ ನಾಯಿಗೆ ಗೀರು ಬೀಳುವ ಕಡೆ ಇದಕ್ಕೆ ಹೊಲಿಗೆ ಹಾಕಿಸಬೇಕಾಗುತ್ತದೆ. ಮುಳ್ಳುತಂತಿ ಇರುವ ಹೊಲದಲ್ಲಿ ಇದನ್ನು ಬಿಡಲೇಬಾರದು.

ಮರಿಗಾಗಿ ಮುಧೋಳ ತಾಲ್ಲೂಕಿನ ಹಳ್ಳಿಯೊಂದಕ್ಕೆ ಹೋದೆವು. ಮುಧೋಳದ ಬಳಿ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನೆ ಮತ್ತು ಮಾಹಿತಿ ಕೇಂದ್ರವಿದೆ. ಅದಲ್ಲದೆ ಈ ನಾಯಿಗಳನ್ನು ಸಾಕಿ ಜೀವನ ಮಾಡುವ ಕುಟುಂಬಗಳೂ ಸುತ್ತಲಿನ ಊರುಗಳಲ್ಲಿವೆ. ನಾವು ಹೋದ ಮನೆಯ ಹಿರಿಯರು ಮರಿಗಳ ಹತ್ತಿರವೂ ಬಿಡದೆ, "ಮರಿ ಆಮೇಲೆ ನೋಡುವಿಯಂತೆ ತಂಗಿ, ಮೊದಲು ತಾಯಿಯನ್ನು ನೋಡು" ಎಂದರು. ತಾಯಿ ನಾಯಿ ನಮ್ಮನ್ನು ಕಂಡು ಬೊಗಳಲಿಲ್ಲ, ಬಾಲವನ್ನೂ ಆಡಿಸಲಿಲ್ಲ. ತನ್ನ ಒಡೆಯನ ಕಾಲ ಬಳಿ ನಿಂತು ನೋಡುತ್ತಿತ್ತು. ಸ್ವಲ್ಪ ಹೊತ್ತಿಗೆ ತಾನಾಗಿ ಬಂದು ನನ್ನ ಮಗಳ ಕೈ ಮೂಸಿತು. ಮುಧೋಳದ ಸ್ವಭಾವ ಇದೇ. ಹೊರಗಿನವರ ಜೊತೆ ಬಿಗುಮಾನ, ಮನೆಯವರ ಜೊತೆ ಗಾಢ ಸಲಿಗೆ. ಹೆದರಿ ಮೂಲೆ ಸೇರುವ ತಾಯಿಯ ಮರಿಯನ್ನು ಮಕ್ಕಳಿರುವ ಮನೆಗೆ ತರಬಾರದು ಎಂಬುದು ಆ ಹಿರಿಯರ ಖಚಿತ ಅಭಿಪ್ರಾಯ. ನನ್ನದೂ ಈಗ ಅದೇ.

ಮೊದಲ ವರ್ಷ ಓಡಿಸುವುದಕ್ಕಿಂತ ತಡೆಯುವುದೇ ಹೆಚ್ಚಿನ ಕೆಲಸ. ಮರಿಯ ಎಲುಬುಗಳು ಬಲಿಯುವ ಮುಂಚೆ ಸೈಕಲ್ಲಿನ ಜೊತೆ, ಬೈಕಿನ ಜೊತೆ ಓಡಿಸುವುದನ್ನು ನೋಡಿದರೆ ನನಗೆ ಸಂಕಟವಾಗುತ್ತದೆ. ಒಂದು ವರ್ಷ ದಾಟುವವರೆಗೆ ಚಿಗರಿ ತನ್ನಿಷ್ಟಕ್ಕೆ ಓಡುತ್ತಿತ್ತು, ತನ್ನಿಷ್ಟಕ್ಕೆ ನಿಲ್ಲುತ್ತಿತ್ತು, ನಾವಾಗಿ ಓಡಿಸಲಿಲ್ಲ. ಆ ಅವಧಿಯಲ್ಲಿ ಪಾರ್ವೊ, ಡಿಸ್ಟೆಂಪರ್, ರೇಬೀಸ್ ಲಸಿಕೆಗಳನ್ನು ಮುಗಿಸಿದೆವು. ಮತ್ತೆ, ಸೀಟಿ ಕಲಿಸಿದೆವು.

ಸೀಟಿಯ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಮುಧೋಳ ನಾಯಿ ಅಳಿಲನ್ನೋ ಮುಂಗುಸಿಯನ್ನೋ ಕಂಡು ನುಗ್ಗಿದ ಮೇಲೆ ಅದರ ಕಿವಿಗೆ ಏನೂ ಬೀಳುವುದಿಲ್ಲ. ನಾವು ಗಾಬರಿಯಿಂದ ಕೂಗಿದಷ್ಟೂ ದನಿ ಬದಲಾಗುತ್ತದೆ. ಕಲಿಸಿದ ದನಿ ಬೇರೆ, ಕೂಗುವ ದನಿ ಬೇರೆ. ಸೀಟಿ ಅತ್ತೆ ಊದಿದರೂ ಒಂದೇ, ಮಗ ಊದಿದರೂ ಒಂದೇ. ಹಾಗಾಗಿ ಶಾಲೆಯ ಮೈದಾನದಲ್ಲಿ ಊದುವಂಥ ಸೀಟಿಯೊಂದನ್ನು ತಂದು, ಮರಿಗೆ ಊಟ ಇಡುವ ಮುಂಚೆ ಪ್ರತಿ ಸಲ ಎರಡು ಚುಟುಕು ಊದು ಊದುತ್ತಿದ್ದೆ. ನಂತರ ಕೋಣೆಯಿಂದ ಕೋಣೆಗೆ, ಆಮೇಲೆ ಅಂಗಳದಲ್ಲಿ, ಕೊನೆಗೆ ಬೇಲಿಯೊಳಗಿನ ಬಯಲಿನಲ್ಲಿ. ಸೀಟಿಗೆ ಓಗೊಟ್ಟು ಬಂದರೆ ಬೇಯಿಸಿದ ಮೊಟ್ಟೆಯ ಚೂರು. ಮೊಟ್ಟೆ ಬೇರೆ ಯಾವುದಕ್ಕೂ ಇಲ್ಲ, ಸೀಟಿಗೆ ಮಾತ್ರ. ನಮ್ಮದು ಮೊಟ್ಟೆ ಬೇಯಿಸುವ ಮನೆಯಲ್ಲ. ಅತ್ತೆ ಒಪ್ಪಿ ಹಿತ್ತಲಲ್ಲಿ ಬೇರೆ ಒಲೆ, ಬೇರೆ ಪಾತ್ರೆ ಇಟ್ಟುಕೊಟ್ಟರು. ಸೀಟಿ ಊದಿ ಕರೆದು ಬೈಯುವುದು, ಸೀಟಿ ಊದಿ ಕರೆದು ಕಟ್ಟಿಹಾಕುವುದು ನಮ್ಮ ಮನೆಯಲ್ಲಿ ನಿಷಿದ್ಧ. ಕಟ್ಟಬೇಕಿದ್ದರೆ ಕರೆದು, ಮೊಟ್ಟೆ ಕೊಟ್ಟು, ಮತ್ತೆ ಒಂದು ಸುತ್ತು ಆಡಲು ಬಿಟ್ಟು, ಆಮೇಲೆ ನಾವೇ ನಡೆದು ಹೋಗಿ ಹಗ್ಗ ಹಾಕುತ್ತೇವೆ.

ಬಯಲಿನಲ್ಲಿ ಅಭ್ಯಾಸ ಮಾಡಿಸುವಾಗ ಉದ್ದನೆಯ ನೂಲಿನ ಹಗ್ಗ ಬೇಕು. ಅದನ್ನು ಎದೆಪಟ್ಟಿಗೆ ಕಟ್ಟಬೇಕು, ಕೊರಳಪಟ್ಟಿಗೆ ಕಟ್ಟಕೂಡದು. ನಾಲ್ಕು ನೆಗೆತಕ್ಕೆ ಪೂರ್ತಿ ವೇಗ ಹಿಡಿಯುವ ನಾಯಿ ಹಗ್ಗದ ತುದಿ ಮುಟ್ಟಿ ಜಗ್ಗಿಸಿಕೊಂಡರೆ ಕತ್ತಿನ ಗತಿ ಏನಾದೀತು ಎಂದು ಯೋಚಿಸಿ. ದಿನನಿತ್ಯದ ಕೊರಳಪಟ್ಟಿಯೂ ಇವುಗಳಿಗೆ ಬೇರೆಯೇ ಬೇಕು. ತಲೆ ಕತ್ತಿಗಿಂತ ಕಿರಿದಾದ್ದರಿಂದ ಸಾಧಾರಣ ಪಟ್ಟಿಯನ್ನು ಹಿಂದಕ್ಕೆ ಸರಿದು ಕಳಚಿಕೊಳ್ಳುವುದು ಇದಕ್ಕೆ ಕ್ಷಣದ ಕೆಲಸ. ಎಳೆದಾಗ ತುಸು ಬಿಗಿಯಾಗಿ, ಬಿಟ್ಟಾಗ ಸಡಿಲವಾಗುವ ಅಗಲವಾದ ಪಟ್ಟಿ ಸರಿ. ಬೀದಿಯಲ್ಲಿ, ಎಷ್ಟೇ ಸೀಟಿ ಕಲಿತಿರಲಿ, ಹಗ್ಗ ಬಿಚ್ಚುವ ಮಾತೇ ಇಲ್ಲ. ರಸ್ತೆಯಾಚೆ ಬೆಕ್ಕು ಕಂಡರೆ ನಡುವೆ ಬಸ್ಸು ಬರುತ್ತಿರುವುದು ಅದರ ಲೆಕ್ಕಕ್ಕೆ ಬಾರದು.

ಇನ್ನು ಓಟ. ಬೆಳಗ್ಗೆ ಬಿಸಿಲೇರುವ ಮುಂಚೆ ಅಥವಾ ಸಂಜೆ ತಂಪು ಬಿದ್ದ ಮೇಲೆ. ಖಾಲಿ ಜಾಗದಲ್ಲಿ ಬರಿದೆ ಬಿಟ್ಟರೆ ನಾಯಿ ಎರಡು ಸುತ್ತು ಹಾಕಿ ಬಂದು ನಿಲ್ಲುತ್ತದೆ. ಬೆನ್ನಟ್ಟಲು ಏನಾದರೂ ಬೇಕು. ನಾನು ನನ್ನೆತ್ತರದ ಬಿದಿರು ಕೋಲಿಗೆ ಅದರ ಎರಡರಷ್ಟು ಉದ್ದದ ಹಗ್ಗ ಕಟ್ಟಿ, ಹಗ್ಗದ ತುದಿಗೆ ಹಳೆಯ ಸ್ವೆಟರಿನ ತೋಳನ್ನು ಗಂಟು ಹಾಕಿದ್ದೇನೆ. ಬಟ್ಟೆ ನೆಲದ ಮೇಲೆಯೇ ಹರಿದಾಡಬೇಕು, ಮೇಲಕ್ಕೆ ಹಾರಬಾರದು. ಹಾರಿದರೆ ನಾಯಿಯೂ ಹಾರಿ, ತಿರುಚಿಕೊಂಡು ಬಿದ್ದು ಮೊಣಕಾಲಿಗೆ ಪೆಟ್ಟು ಮಾಡಿಕೊಳ್ಳುತ್ತದೆ. ಕೋಲು ಎತ್ತಿದ ಕೂಡಲೇ ಚಿಗರಿಯ ಮೈಯೇ ಬದಲಾಗುತ್ತದೆ. ಕಿವಿ ಹಿಂದಕ್ಕೆ ಮಡಚಿ, ಮುಂಗಾಲು ಬಗ್ಗಿ, ತೊಡೆಯ ಸ್ನಾಯು ಚರ್ಮದಡಿ ನಡುಗುವುದು ಕಣ್ಣಿಗೆ ಕಾಣುತ್ತದೆ. ಆಗ ನಾನು "ನಿಲ್ಲು" ಎನ್ನುತ್ತೇನೆ. ಬಟ್ಟೆ ಹರಿದಾಡುತ್ತಿದ್ದರೂ ಅದು ನಿಲ್ಲಬೇಕು. ಕಣ್ಣು ನನ್ನ ಕಡೆ ತಿರುಗಿದ ಮೇಲೆ "ಹಿಡಿ". ಒಂದಷ್ಟು ಸುತ್ತು ಓಡಿಸಿ ಕೊನೆಗೆ ಹಿಡಿಯಲು ಬಿಡಲೇಬೇಕು. ಹಿಡಿಯುವ ತೃಪ್ತಿ ಸಿಗದ ನಾಯಿ ಒಳಗೆ ಬಂದ ಮೇಲೂ ಚಡಪಡಿಸುತ್ತದೆ. ಆಮೇಲೆ "ಬಿಡು", ಮುಗಿಯಿತು. ಕೆಲವು ನಿಮಿಷದ ಈ ಆಟ ಕೊಡುವ ನೆಮ್ಮದಿಯನ್ನು ತಾಸುಗಟ್ಟಲೆ ಹಗ್ಗ ಹಿಡಿದು ನಡೆಸಿದರೂ ಕೊಡಲಾಗುವುದಿಲ್ಲ. ನಡಿಗೆಯೂ ಬೇಕು, ಊರು ನೋಡಲು, ಮೂಸಲು, ಜನರ ರೂಢಿಯಾಗಲು. ಓಟದ ಜಾಗವನ್ನು ಅದು ತುಂಬಲಾರದು. ಎಲ್ಲಕ್ಕಿಂತ ಮಿಗಿಲಾಗಿ, ನುಗ್ಗುವ ಹುರುಪಿನ ನಡುವೆಯೇ ನಮ್ಮ ಮಾತು ಕೇಳುವ ರೂಢಿ ಈ ಆಟದಿಂದ ಬಂತು. ಬೀದಿಯಲ್ಲಿ ಕೋಳಿ ಅಡ್ಡಬಂದಾಗ ನನ್ನ ಮಗಳು "ನಿಲ್ಲು" ಎಂದರೆ ಚಿಗರಿ ಇಂದು ನಿಲ್ಲುತ್ತದೆ.

ನೆಲದ ವಿಷಯದಲ್ಲೂ ಎಚ್ಚರ ಬೇಕು. ಬೇಸಿಗೆಯಲ್ಲಿ ಎರೆ ಹೊಲ, ಅಂದರೆ ಕಪ್ಪು ಮಣ್ಣಿನ ಹೊಲ, ಬಿರುಕು ಬಿಡುತ್ತದೆ. ಆ ವೇಗದಲ್ಲಿ ಬಿರುಕಿಗೆ ಕಾಲು ಸಿಕ್ಕರೆ ಎಲುಬು ಮುರಿಯಿತೆಂದೇ ಲೆಕ್ಕ. ಮಳೆಗಾಲದಲ್ಲಿ ಅದೇ ಎರೆ ಜಿಗುಟು, ಜಾರು. ನಮ್ಮ ಜಾಗ ಕೆಂಪು ಮಣ್ಣಿನ ಮಸಾರಿ ಆದದ್ದು ಪುಣ್ಯ. ಮಳೆಗಾಲದಲ್ಲಿ ರಕ್ತ ಹೀರುವ ಉಣ್ಣೆಹುಳುವಿನ ಕಾಟವೂ ಸೇರುತ್ತದೆ. ಬೆರಳುಗಳ ಸಂದು, ಕಿವಿಯ ಒಳಮಡಿಕೆ, ಬಾಲದ ಬುಡವನ್ನು ಪ್ರತಿ ಸಂಜೆ ಮಗ ಟಾರ್ಚ್ ಹಿಡಿದು ನೋಡುತ್ತಾನೆ. ಉಣ್ಣೆಯಿಂದ ಬರುವ ಜ್ವರ ನಾಯಿಯನ್ನು ಕಡ್ಡಿ ಮಾಡಿಬಿಡುತ್ತದೆ, ಕಡೆಗಣಿಸಿದರೆ ಪ್ರಾಣಕ್ಕೂ ಸಂಚಕಾರ. ಊಟ ಬಿಟ್ಟು, ಒಸಡು ಬಿಳಿಚಿಕೊಂಡರೆ ನಾಳೆ ನೋಡೋಣ ಎನ್ನದೆ ರಕ್ತ ಪರೀಕ್ಷೆ ಮಾಡಿಸಬೇಕು.

ಊಟ ದಿನಕ್ಕೆ ಎರಡು ಹೊತ್ತು, ಸ್ವಲ್ಪ ಸ್ವಲ್ಪ: ಜೋಳದ ರೊಟ್ಟಿ, ಮೊಸರು, ನಾಯಿಗಳ ಒಣ ಆಹಾರ. ಎದೆ ಆಳವಾಗಿರುವ ನಾಯಿಗಳಲ್ಲಿ ಹೊಟ್ಟೆ ಉಬ್ಬಿ ತಿರುಚಿಕೊಳ್ಳುವ ಅಪಾಯ ಹೆಚ್ಚು. ಹಾಗಾಗಿ ಓಟಕ್ಕೂ ಊಟಕ್ಕೂ ನಡುವೆ ಒಂದು ತಾಸಿಗೆ ಕಡಿಮೆಯಿಲ್ಲದ ಅಂತರವಿಟ್ಟಿದ್ದೇವೆ. ಪಕ್ಕೆಲುಬು ಕಾಣುತ್ತದೆ, ನಾಯಿಗೆ ಹೊಟ್ಟೆಗೆ ಹಾಕುವುದಿಲ್ಲವೇ ಎಂದು ಕೇಳದ ನೆಂಟರಿಲ್ಲ. ಕೊನೆಯ ಎರಡು ಮೂರು ಪಕ್ಕೆಲುಬು, ಸೊಂಟದ ಎಲುಬಿನ ತುದಿ ಕಾಣುವುದು ಈ ತಳಿಯ ಆರೋಗ್ಯದ ಲಕ್ಷಣ. ಯಾರದೋ ಮಾತಿಗೆ ಕಟ್ಟುಬಿದ್ದು ಅದನ್ನು ದಪ್ಪ ಮಾಡಿದರೆ ಕೀಲುಗಳು ಬೆಲೆ ತೆರುತ್ತವೆ.

ಮೈಯಲ್ಲಿ ಕೊಬ್ಬು ಕಡಿಮೆ ಇರುವುದರಿಂದ ಇನ್ನೂ ಒಂದು ಮಾತು ತಿಳಿದಿರಬೇಕು. ಥಯೋಪೆಂಟೋನ್‌ನಂಥ ಅರಿವಳಿಕೆಯಿಂದ ಗ್ರೇಹೌಂಡ್ ಬಳಗದ ನಾಯಿಗಳು ಚೇತರಿಸಿಕೊಳ್ಳಲು ಬಹಳ ಹೊತ್ತು ಬೇಕು. ಚಿಗರಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸುವ ಮುನ್ನ ಪಶುವೈದ್ಯರ ಬಳಿ ಇದನ್ನೇ ಮೊದಲು ಕೇಳಿದೆ. ಅವರು ಬೇರೆ ಔಷಧ ಆರಿಸಿದರು. ಆ ದಿನ ಅದರ ಮೈ ತಣ್ಣಗಾಗದಂತೆ ಅತ್ತೆ ತಮ್ಮ ಕೌದಿಯನ್ನೇ ಹೊದಿಸಿದರು. ಆ ಕೌದಿ ಈಗ ಅದರದ್ದೇ ಆಗಿದೆ. ಧಾರವಾಡದ ಮಾಗಿಯ ಚಳಿಗೆ ಕೌದಿಯಿಲ್ಲದೆ ಅದು ನಿದ್ದೆ ಮಾಡದು.

ಮಕ್ಕಳಿಗೆ ಹಾಕಿದ ನಿಯಮ ಎರಡೇ. ಮಲಗಿದ ನಾಯಿಯನ್ನು ಮುಟ್ಟಬಾರದು, ಹೆಸರು ಹಿಡಿದು ಕರೆದು ಎಬ್ಬಿಸಬೇಕು. ಈ ಬಗೆಯ ನಾಯಿಗಳಲ್ಲಿ ಕೆಲವು ನಿದ್ದೆಯಲ್ಲಿ ಬೆಚ್ಚಿ ಬಾಯಿ ಹಾಕುವುದುಂಟು. ಊಟದ ಬಟ್ಟಲಿನ ಹತ್ತಿರ ಹೋಗಬಾರದು. ದೊಡ್ಡವರಿಗೆ ಹಾಕಿದ ನಿಯಮ ಒಂದು: ದನಿ ಏರಿಸಬಾರದು. ಮುಧೋಳ ನಾಯಿ ಮಹಾ ಅಭಿಮಾನಿ. ಗದರಿದರೆ ಆ ದಿನವೆಲ್ಲ ಮುಖ ತಿರುಗಿಸಿ ಕೂರುತ್ತದೆ. ಹೊಡೆದರೆ ನಂಬಿಕೆಯೇ ಹೋಗುತ್ತದೆ. ಇಂಥ ನಾಯಿಯನ್ನು ಗೇಟಿನ ಬಳಿ ಹಗಲೆಲ್ಲ ಸರಪಳಿಯಲ್ಲಿ ಬಿಗಿದು ಕಾವಲಿಗೆ ಇಟ್ಟುಕೊಳ್ಳುವವರ ಬಗ್ಗೆ ನನಗೆ ಸಿಟ್ಟಿದೆ.

2005ರಲ್ಲಿ ಅಂಚೆ ಇಲಾಖೆ ಈ ತಳಿಯ ಅಂಚೆಚೀಟಿ ತಂದಾಗ ಊರಾಚೆ ಅಷ್ಟೇನೂ ಸದ್ದಾಗಿರಲಿಲ್ಲ. ಸೈನ್ಯದ ತರಬೇತಿಗೆಂದು ಮೀರತ್‌ಗೆ ಮರಿಗಳು ಹೋದದ್ದು, 2020ರ ಆಗಸ್ಟ್‌ನಲ್ಲಿ ಪ್ರಧಾನಿಯವರು 'ಮನದ ಮಾತು' ಕಾರ್ಯಕ್ರಮದಲ್ಲಿ ಹೆಸರು ಹೇಳಿದ್ದು, ಇವೆಲ್ಲ ಆದ ಮೇಲೆ ಬೇಡಿಕೆ ಏರಿತು. ತಳಿ ಉಳಿಯುವುದಕ್ಕೆ ಅದು ಒಳ್ಳೆಯದೇ. ಆದರೆ ನನಗೆ ಬರುವ ಫೋನುಗಳಲ್ಲಿ ಮೊದಲು ಕೇಳುವುದು ಬೆಲೆ, ಬಣ್ಣ. ನಾನು ಮೂರು ಪ್ರಶ್ನೆ ತಿರುಗಿ ಕೇಳುತ್ತೇನೆ: ಬೇಲಿ ಇರುವ ಬಯಲು ಹತ್ತಿರದಲ್ಲಿ ಎಲ್ಲಿದೆ? ಹಗಲು ಮನೆಯಲ್ಲಿ ಯಾರಿರುತ್ತಾರೆ? ದಿನಾ ಕರೆದೊಯ್ಯುವವರು ಯಾರು? ನಗರದಲ್ಲಿ ಸಾಕಲೇಬಾರದು ಎಂದು ನಾನು ಹೇಳುವುದಿಲ್ಲ. ಸುತ್ತುಗೋಡೆಯಿರುವ ಶಾಲಾ ಮೈದಾನವನ್ನು ಮುಂಜಾನೆ ಅನುಮತಿ ಪಡೆದು ಬಳಸುವ ಕುಟುಂಬವೊಂದನ್ನು ನಾನು ಬಲ್ಲೆ. ಅವರ ನಾಯಿ ಸುಖವಾಗಿದೆ. ಗಂಡಹೆಂಡತಿ ಇಬ್ಬರೂ ಬೆಳಗ್ಗೆ ಹೋಗಿ ರಾತ್ರಿ ಬರುವ ಮನೆಗೆ ಮಾತ್ರ ಬೇಡವೆಂದು ನೇರವಾಗಿ ಹೇಳುತ್ತೇನೆ. ಬೇಸರವಾದರೂ ಪರವಾಗಿಲ್ಲ, ನಾಯಿ ಉಳಿಯುತ್ತದೆ.

ಚಿಗರಿಗೆ ಈಗ ವಯಸ್ಸು ಏರುತ್ತಿದೆ. ಕೋಲಿನ ಆಟದಲ್ಲಿ ತಿರುವುಗಳನ್ನು ಕಡಿಮೆ ಮಾಡಿ ನೇರ ಓಟವನ್ನಷ್ಟೇ ಇಟ್ಟಿದ್ದೇನೆ, ಓಡಿಸುವ ಮುಂಚೆ ಬೇಲಿಯ ಉದ್ದಕ್ಕೂ ಒಂದೆರಡು ಸುತ್ತು ನಡೆಸಿ ಮೈ ಬಿಸಿ ಮಾಡಿಸುತ್ತೇನೆ. ಉಗುರು ಮೊದಲಿನಷ್ಟು ಸವೆಯುವುದಿಲ್ಲ. ಅದನ್ನು ಕತ್ತರಿಸುವ ಕೆಲಸವನ್ನು ಮಗಳು ವಹಿಸಿಕೊಂಡಿದ್ದಾಳೆ.